ಬಾಗಿಲು ಒಂದು, ಬರಹ ಎರಡು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಡೀರ್‌ಫೀಲ್ಡ್ ಎಂಬ ಪುಟ್ಟ ಊರಿದೆ. ಅಲ್ಲಿನ ಮೆಮೋರಿಯಲ್ ಹಾಲ್ ವಸ್ತುಸಂಗ್ರಹಾಲಯಕ್ಕೆ ಹೋದವರು ತಪ್ಪದೆ ನೋಡುವುದು ಮೊಳೆಗಳನ್ನು ಒತ್ತೊತ್ತಾಗಿ ಬಡಿದ ಒಂದು ಹಳೆಯ ಮರದ ಬಾಗಿಲನ್ನು. ಅದರಲ್ಲೊಂದು ರಂಧ್ರವಿದೆ. ಅದು ಕೊಡಲಿಯಿಂದ ಕಡಿದದ್ದು.

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಯುದ್ಧ ನಡೆಯುತ್ತಿದ್ದ ಕಾಲ. 1704ರ ಫೆಬ್ರವರಿ 29ರ ನಸುಕಿನಲ್ಲಿ ಕೆನಡಾ ಕಡೆಯಿಂದ ಬಂದ ಫ್ರೆಂಚರೂ ಅವರ ಮಿತ್ರರಾದ ಅಬೆನಾಕಿ, ಮೊಹಾಕ್, ವೆಂಡಾಟ್ ಮೊದಲಾದ ಮೂಲನಿವಾಸಿಗಳೂ ಈ ಇಂಗ್ಲಿಷ್ ನೆಲೆಯ ಮೇಲೆ ದಾಳಿ ಮಾಡಿದರು. ಊರಿನಲ್ಲಿ ಸುಮಾರು 50 ಮಂದಿ ಸತ್ತರು. 112 ಮಂದಿ ಸೆರೆಯಾಗಿ, ಹಿಮದಲ್ಲಿ ಸುಮಾರು 300 ಮೈಲಿ ದೂರದ ಕೆನಡಾಕ್ಕೆ ನಡೆಯಬೇಕಾಯಿತು. ಅಂದು ಸುಡದೆ ಉಳಿದ ಜಾನ್ ಶೆಲ್ಡನ್ ಎಂಬುವರ ಮನೆಯ ಬಾಗಿಲು ಇದು.

ಆ ಮನೆಯನ್ನು 1848ರಲ್ಲಿ ಕೆಡವಲಾಯಿತು. ಅದನ್ನು ಉಳಿಸಲು ಊರವರು ಮಾಡಿದ ಪ್ರಯತ್ನ ಫಲಿಸಲಿಲ್ಲ. ಬಾಗಿಲು ಮಾತ್ರ ಉಳಿದು, ಪರಸ್ಥಳಕ್ಕೆ ಮಾರಾಟವಾಗಿ, 1868ರಲ್ಲಿ ಮತ್ತೆ ಊರಿಗೆ ಬಂತು. ಎರಡು ವರ್ಷಗಳ ನಂತರ, 1870ರಲ್ಲಿ, ಅದೇ ಮನೆತನದ ಜಾರ್ಜ್ ಶೆಲ್ಡನ್ ಮುಂದಾಗಿ 'ಪೊಕಮ್‌ಟಕ್ ವ್ಯಾಲಿ ಮೆಮೋರಿಯಲ್ ಅಸೋಸಿಯೇಷನ್' ಎಂಬ ಇತಿಹಾಸ ಸಂಘವನ್ನು ಕಟ್ಟಿದರು. ಪಾತ್ರೆ ಪಡಗ, ಕುರ್ಚಿ, ಪೆಟ್ಟಿಗೆ, ಬಟ್ಟೆಬರೆ, ಕಾಗದಪತ್ರಗಳು ಸಂಘಕ್ಕೆ ಬಂದು ಸೇರಿದವು. 1880ರಲ್ಲಿ ಹಳೆಯ ಶಾಲಾ ಕಟ್ಟಡವೊಂದರಲ್ಲಿ ಸಂಗ್ರಹಾಲಯ ತೆರೆಯಿತು.

ಆದರೆ ವಸ್ತುವನ್ನು ಕಾಪಾಡುವುದು ಬೇರೆ, ಅದರ ಕಥೆಯನ್ನು ಹೇಳುವುದು ಬೇರೆ. ಪೊಕಮ್‌ಟಕ್ ಎಂಬುದು ಇಂಗ್ಲಿಷರಿಗಿಂತ ಮೊದಲು ಆ ಕಣಿವೆಯಲ್ಲಿ ನೆಲೆಸಿದ್ದ ಜನರ ಹೆಸರು. ಸಂಘ ಅವರ ಹೆಸರನ್ನು ಇಟ್ಟುಕೊಂಡಿತಾದರೂ, ದಾಳಿಯಲ್ಲಿ ನೊಂದವರಿಗಾಗಿ ಗೋಡೆಗೆ ಹಾಕಿಸಿದ ಅಮೃತಶಿಲೆಯ ಫಲಕಗಳಲ್ಲಿ ಮೂಲನಿವಾಸಿಗಳನ್ನು 'ಕಾಡುಜನ' ಎಂದೇ ಕೆತ್ತಿಸಿತು.

ಪಾದ್ರಿ ಜಾನ್ ವಿಲಿಯಮ್ಸ್ ಅವರ ಮಗಳು ಯೂನಿಸಳ ಪ್ರಸಂಗ ಇದಕ್ಕೆ ನಿದರ್ಶನ. ಸೆರೆಯಾದಾಗ ಆಕೆಗೆ 7 ವರ್ಷ. ತಂದೆ ಬಿಡುಗಡೆಯಾಗಿ ಮರಳಿದರು, ಆಕೆ ಮರಳಲಿಲ್ಲ. ಮೊಹಾಕರ ನಡುವೆ ಬೆಳೆದು, ಅವರಲ್ಲೇ ಮದುವೆಯಾಗಿ, ಬಂಧುಗಳು ಎಷ್ಟು ಕರೆದರೂ ಊರಲ್ಲಿ ನಿಲ್ಲಲೊಪ್ಪದೆ 1785ರಲ್ಲಿ ಕೆನಡಾದಲ್ಲೇ ತೀರಿಕೊಂಡಳು. ಕಾಡುಜನರವನನ್ನು ಕಟ್ಟಿಕೊಂಡು ತಾನೂ ಕಾಡುಜನಳಾದಳು ಎಂಬರ್ಥದ ಒಂದೇ ಸಾಲಿನಲ್ಲಿ ಫಲಕ ಆಕೆಯ ಬದುಕನ್ನು ಮುಗಿಸಿತು. ಆದರೆ ಸಂಗ್ರಹಾಲಯ ತೆರೆಯುವುದಕ್ಕೂ ಎಷ್ಟೋ ಮೊದಲು, 1837ರಲ್ಲಿ, ತಾವು ಯೂನಿಸಳ ವಂಶದವರೆಂದು ಹೇಳಿಕೊಂಡ ಅಬೆನಾಕಿಗಳ ತಂಡವೊಂದು ಡೀರ್‌ಫೀಲ್ಡ್‌ಗೆ ಬಂದು ಪೂರ್ವಿಕರ ಸಮಾಧಿಗಳನ್ನು ಕಂಡು ಹೋಗಿತ್ತು. ಆ ಜನ ಅಳಿದುಹೋಗಿರಲಿಲ್ಲ. ತಮ್ಮ ನಂಟನ್ನು ಮರೆತೂ ಇರಲಿಲ್ಲ.

ಈಚಿನ ದಶಕಗಳಲ್ಲಿ ಸಂಘವೇ ತನ್ನ ಹಿಂದಿನ ಮಾತನ್ನು ಪರಿಶೀಲಿಸಿತು. ಹಳೆಯ ಫಲಕಗಳನ್ನು ಕಿತ್ತೆಸೆಯದೆ, ನೋವುಂಟುಮಾಡುವ ಕೆತ್ತನೆಯ ಮೇಲೆ ತಿದ್ದಿದ ಬರಹವನ್ನು ಅಳವಡಿಸಿತು. ದಾಳಿಗೆ 300 ವರ್ಷ ತುಂಬಿದ 2004ರಲ್ಲಿ, ಆ ಘಟನೆಯನ್ನು ಇಂಗ್ಲಿಷ್, ಫ್ರೆಂಚ್, ಮೊಹಾಕ್, ವೆಂಡಾಟ್, ಅಬೆನಾಕಿ ಎಂಬ ಐದು ಸಮುದಾಯಗಳ ದೃಷ್ಟಿಯಿಂದಲೂ ನಿರೂಪಿಸಿತು.

ಇದು ಸಾಧ್ಯವಾದದ್ದು ಬಾಗಿಲೂ ಕಾಗದಪತ್ರಗಳೂ ಕೈಗೆ ಸಿಗುವಂತೆ ಉಳಿದಿದ್ದರಿಂದ. ಅಷ್ಟೇ ಅಲ್ಲ, ತಪ್ಪು ಬರೆದ ಫಲಕವನ್ನೂ ಕಾಪಾಡಿದ್ದರಿಂದ. ದಾಳಿ ಹೇಗೆ ನಡೆಯಿತೆಂಬುದಕ್ಕೆ ಬಾಗಿಲು ಸಾಕ್ಷಿಯಾದರೆ, ಆಮೇಲಿನವರು ಅದನ್ನು ಹೇಗೆ ನೆನೆದರೆಂಬುದಕ್ಕೆ ಫಲಕವೇ ಸಾಕ್ಷಿ.