ಟೆಂಪ್ ಫೈಲ್ ಎಲ್ಲವೂ ಕಸವೇ? ಹಲವರು ಬಳಸುವ ಡೇಟಾಬೇಸ್‌ನಲ್ಲಿ ಅಳಿಸುವ ಮುನ್ನ

"ಕಂಪ್ಯೂಟರ್ ನಿಧಾನವಾಗಿದೆಯೇ? ಟೆಂಪ್ ಫೋಲ್ಡರ್ ತೆರೆಯಿರಿ, ಇರುವುದನ್ನೆಲ್ಲ ಸೆಲೆಕ್ಟ್ ಮಾಡಿ, ಡಿಲೀಟ್ ಒತ್ತಿ." ಈ ಸಲಹೆ ವಾಟ್ಸ್ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಇದರಿಂದ ಸಾಮಾನ್ಯವಾಗಿ ಅನಾಹುತವೇನೂ ಆಗುವುದಿಲ್ಲ. ಆದರೆ ಒಂದೇ ಲೆಕ್ಕದ ಸಾಫ್ಟ್‌ವೇರನ್ನು ನಾಲ್ಕು ಜನ ಒಟ್ಟಿಗೆ ಬಳಸುವ ಕಡೆ, ತಾತ್ಕಾಲಿಕ ಫೈಲ್ ಎಂದರೆ ಕಸ ಎಂದುಕೊಂಡರೆ ಕೆಲಸಗಾರರ ಕೂಲಿಯೇ ತಪ್ಪಾಗಬಹುದು.

ಸುಂಕದಕಟ್ಟೆಯಲ್ಲಿ ನನಗೆ ಗೊತ್ತಿರುವ ಒಂದು ಸಣ್ಣ ಗಾರ್ಮೆಂಟ್ಸ್ ಘಟಕದಲ್ಲಿ ಆದದ್ದು ಇದು. ಅಲ್ಲಿ ಪೀಸ್ ಲೆಕ್ಕದಲ್ಲಿ ಕೂಲಿ, ಶನಿವಾರ ಬಟವಾಡೆ. ಹೊಲಿಗೆ ವಿಭಾಗಕ್ಕೆ ಒಂದು ಕಂಪ್ಯೂಟರ್, ಇಸ್ತ್ರಿ ವಿಭಾಗಕ್ಕೆ ಇನ್ನೊಂದು. ಎರಡಕ್ಕೂ ಸೇರಿ ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನಲ್ಲಿ ಮಾಡಿದ ಒಂದು ಪ್ರೋಗ್ರಾಂ. ಒಂದು ಶನಿವಾರ ಹೊಲಿಗೆಯವರ ಪಟ್ಟಿ ಪ್ರಿಂಟ್ ಮಾಡಿದರೆ ಅದರಲ್ಲಿ ಇಸ್ತ್ರಿಯವರ ಹೆಸರು, ಇಸ್ತ್ರಿಯವರ ಮೊತ್ತ. "ವೈರಸ್ ಬಂದಿದೆ" ಎಂದರು. ಆ್ಯಂಟಿವೈರಸ್ ಹಾಕಿದರೂ ಏನೂ ಸಿಗಲಿಲ್ಲ.

ಸಿಗುವಂತಹದ್ದೇನೂ ಇರಲೂ ಇಲ್ಲ. ಆ ಪ್ರೋಗ್ರಾಂ ಒಬ್ಬರು ಬಳಸಲೆಂದು ಬರೆದದ್ದು. ಆಮೇಲೆ ಅದನ್ನು ಹಾಗೆಯೇ ಶೇರ್ಡ್ ಫೋಲ್ಡರ್‌ಗೆ ಹಾಕಿದ್ದರು. ಪಟ್ಟಿ ಕೇಳಿದಾಗ ಅದು 'ಟೆಂಪ್' ಎಂಬ ಹೆಸರಿನ ಟೇಬಲ್ ಖಾಲಿ ಮಾಡಿ, ಬೇಕಾದ ಸಾಲುಗಳನ್ನು ಅಲ್ಲಿ ತುಂಬಿ, ನಂತರ ಪ್ರಿಂಟ್‌ಗೆ ಕಳಿಸುತ್ತಿತ್ತು. ಇಬ್ಬರೂ ಒಂದೇ ನಿಮಿಷದಲ್ಲಿ ಬಟನ್ ಒತ್ತಿದರು. ಮೊದಲನೆಯವರು ತುಂಬಿದ್ದನ್ನು ಎರಡನೆಯವರು ಖಾಲಿ ಮಾಡಿ ತಮ್ಮದನ್ನು ತುಂಬಿದರು. ಮೊದಲನೆಯವರ ಪ್ರಿಂಟರ್‌ನಿಂದ ಹೊರಬಂದದ್ದು ಎರಡನೆಯವರ ಪಟ್ಟಿ. ತೆರೆಯ ಮೇಲೆ ಒಂದು ಎಚ್ಚರಿಕೆಯ ಮಾತೂ ಬರಲಿಲ್ಲ. ಹೆಸರುಗಳು ಬೇರೆ ಇದ್ದುದರಿಂದ ಗೊತ್ತಾಯಿತು. ಬರೀ ಮೊತ್ತವಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಇದು ಒಂದು ಬಗೆಯ ತಾತ್ಕಾಲಿಕ ಫೈಲ್: ಲೆಕ್ಕ ಬಿಡಿಸುವಾಗಿನ ರಫ್ ಶೀಟ್. ಕೆಲಸ ಮುಗಿದ ಮೇಲೆ ಬಿಸಾಡಬಹುದು, ಆದರೆ ಒಬ್ಬರ ರಫ್ ಶೀಟ್ ಮೇಲೆ ಇನ್ನೊಬ್ಬರು ಬರೆಯಬಾರದು. ಹಾಗಾಗಿ ಅದು ಶೇರ್ಡ್ ಫೋಲ್ಡರ್‌ನಲ್ಲಿ ಇರಲೇಬಾರದು, ಆಯಾ ಬಳಕೆದಾರರ ಕಂಪ್ಯೂಟರ್‌ನಲ್ಲಿರಬೇಕು. ಒಂದೇ ಕಡೆ ಇಡಲೇಬೇಕೆಂದರೆ ಪ್ರತಿಯೊಬ್ಬರಿಗೂ ಬೇರೆ ಹೆಸರು ಬೇಕು. ದೊಡ್ಡ ಡೇಟಾಬೇಸ್‌ಗಳು ಮಾಡುವುದೂ ಇದನ್ನೇ. ಪೋಸ್ಟ್‌ಗ್ರೆಸ್ ತನ್ನ ತಾತ್ಕಾಲಿಕ ಫೈಲಿನ ಹೆಸರಿನಲ್ಲೇ ಅದನ್ನು ಸೃಷ್ಟಿಸಿದ ಪ್ರೊಸೆಸ್‌ನ ಸಂಖ್ಯೆ ಸೇರಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಟೆಂಪ್‌ಡಿಬಿ ಪ್ರತಿ ಸಲ ಸರ್ವರ್ ಶುರುವಾದಾಗಲೂ ಹೊಸದಾಗಿ ಸೃಷ್ಟಿಯಾಗುತ್ತದೆ. ಅಲ್ಲಿ ಇಬ್ಬರು ಒಂದೇ ಹೆಸರಿನಲ್ಲಿ ತಮ್ಮ ತಾತ್ಕಾಲಿಕ ಟೇಬಲ್ ಮಾಡಿಕೊಂಡರೂ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ.

ಎರಡನೆಯ ಬಗೆ, ಮಾಗಡಿ ರಸ್ತೆಯ ಬಸ್ಸಿನಲ್ಲಿ ಸೀಟು ಹಿಡಿಯಲು ಹಾಕುವ ಕರ್ಚೀಫಿನಂಥದ್ದು. ಆ್ಯಕ್ಸೆಸ್ ಫೈಲ್ ತೆರೆದ ತಕ್ಷಣ ಪಕ್ಕದಲ್ಲಿ ಅದೇ ಹೆಸರಿನ, ಎಲ್‌ಎಸಿಸಿಡಿಬಿ ಎಂದು ಕೊನೆಯಾಗುವ ಪುಟ್ಟ ಫೈಲ್ ಬರುತ್ತದೆ. ಯಾವ ಕಂಪ್ಯೂಟರಿನಿಂದ ಯಾರು ಒಳಗಿದ್ದಾರೆ ಎಂಬುದು ಅದರಲ್ಲಿರುತ್ತದೆ. ಕೊನೆಯವರು ಹೊರಬಂದಾಗ ಅದು ತಾನೇ ಹೋಗುತ್ತದೆ. ಎಲ್ಲರೂ ಮುಚ್ಚಿದ ಮೇಲೂ ಉಳಿದಿದ್ದರೆ ಕರೆಂಟ್ ಹೋಗಿರಬೇಕು, ಇಲ್ಲವೇ ಬಳಕೆದಾರರಿಗೆ ಆ ಫೋಲ್ಡರ್‌ನಲ್ಲಿ ಫೈಲ್ ಅಳಿಸುವ ಅನುಮತಿ ಇಲ್ಲದಿರಬೇಕು. ಆಗ, ಎಲ್ಲರೂ ನಿಜಕ್ಕೂ ಹೊರಬಂದಿದ್ದಾರೆಂದು ಖಚಿತ ಮಾಡಿಕೊಂಡು, ಅಳಿಸಿದರೆ ತೊಂದರೆಯಿಲ್ಲ.

ನಿಜವಾದ ಅಪಾಯ ಮೂರನೆಯ ಬಗೆಯಲ್ಲಿ. ಮೊಬೈಲ್ ಆ್ಯಪ್‌ಗಳಿಂದ ಹಿಡಿದು ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ವರೆಗೆ ಬಳಕೆಯಲ್ಲಿರುವ ಎಸ್‌ಕ್ಯೂಲೈಟ್ ಡೇಟಾಬೇಸನ್ನು ನೋಡಿ. ಅದು ಮಾಹಿತಿ ತಿದ್ದುವ ಮೊದಲು ಹಳೆಯದರ ಪ್ರತಿಯನ್ನು 'ಜರ್ನಲ್' ಎಂಬ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ತಿದ್ದುವಾಗ ಮಧ್ಯದಲ್ಲಿ ಕರೆಂಟ್ ಹೋದರೆ, ಮುಂದಿನ ಸಲ ತೆರೆದಾಗ ಜರ್ನಲ್ ಓದಿ ಎಲ್ಲವನ್ನೂ ಮೊದಲಿನಂತೆ ಮಾಡುತ್ತದೆ. ಅಷ್ಟರೊಳಗೆ ಯಾರೋ "ಇದು ಹಳೇ ಫೈಲ್" ಎಂದು ಅಳಿಸಿದರೆ ಅರ್ಧ ತಿದ್ದಿದ ಡೇಟಾಬೇಸ್ ಅರ್ಧಕ್ಕೇ ನಿಲ್ಲುತ್ತದೆ. 'ವಾಲ್' ಎಂಬ ಇನ್ನೊಂದು ವಿಧಾನದಲ್ಲಿ ಕ್ರಮ ತಿರುಗುಮುರುಗು: ಹೊಸ ಮಾಹಿತಿ ಮೊದಲು ಪಕ್ಕದ ಫೈಲಿನಲ್ಲಿ ಕೂತು ಆಮೇಲೆ ಮುಖ್ಯ ಫೈಲಿಗೆ ಹೋಗುತ್ತದೆ. ಅದನ್ನು ಅಳಿಸಿದರೆ ಸೇವ್ ಮಾಡಿದ ಬಿಲ್ಲುಗಳೇ ಮಾಯ. ಸಾಫ್ಟ್‌ವೇರ್ ನಡೆಯುತ್ತಿರುವಾಗ ಮುಖ್ಯ ಫೈಲನ್ನಷ್ಟೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ "ಬ್ಯಾಕಪ್ ಆಯಿತು" ಎನ್ನುವವರಿಗೂ ಇದೇ ಗತಿ.

ಹಾಗಾದರೆ ಯಾರು ಅಳಿಸಬೇಕು? ಸೃಷ್ಟಿಸಿದ ಪ್ರೋಗ್ರಾಂ ತಾನೇ ಅಳಿಸಬೇಕು. ಮಧ್ಯೆ ನಿಂತುಹೋದರೆ ಮುಂದಿನ ಸಲ ಶುರುವಾಗುವಾಗ ತನ್ನ ಹೆಸರಿನ ಹಳೆಯದನ್ನು ಮಾತ್ರ ತೆಗೆಯಬೇಕು, ಪಕ್ಕದವರದನ್ನಲ್ಲ. ಕೈಯಿಂದ ಅಳಿಸುವುದಾದರೆ ಎಲ್ಲರೂ ಲಾಗೌಟ್ ಆದ ಮೇಲೆ, ಬ್ಯಾಕಪ್ ತೆಗೆದು. ಡೇಟಾಬೇಸ್ ಫೈಲಿನ ಪಕ್ಕದಲ್ಲೇ ಅದೇ ಹೆಸರಿನಿಂದ ಶುರುವಾಗುವ ಫೈಲ್ ಕಂಡರೆ ಸಾಫ್ಟ್‌ವೇರ್ ಮಾಡಿದವರನ್ನು ಕೇಳದೆ ಮುಟ್ಟಬೇಡಿ.

ಸುಂಕದಕಟ್ಟೆಯ ಘಟಕದಲ್ಲಿ ಪ್ರೋಗ್ರಾಮನ್ನು ಎರಡು ಭಾಗ ಮಾಡಿದರು. ಕೂಲಿಯ ಮಾಹಿತಿ ಮಾತ್ರ ಶೇರ್ಡ್ ಫೋಲ್ಡರ್‌ನಲ್ಲಿ ಉಳಿಯಿತು. ಫಾರಂ, ರಿಪೋರ್ಟ್ ಮತ್ತು ಆ 'ಟೆಂಪ್' ಟೇಬಲ್ ಇರುವ ಭಾಗದ ಒಂದೊಂದು ಪ್ರತಿ ಪ್ರತಿ ಕಂಪ್ಯೂಟರಿಗೂ ಹೋಯಿತು. ಇನ್ನೊಂದು ಲಾಭವೂ ಆಯಿತು. ಆ್ಯಕ್ಸೆಸ್‌ನಲ್ಲಿ ಸಾಲುಗಳನ್ನು ಅಳಿಸಿದರೂ, ಕಾಂಪ್ಯಾಕ್ಟ್ ಮಾಡುವವರೆಗೆ ಫೈಲಿನ ಗಾತ್ರ ಇಳಿಯುವುದಿಲ್ಲ, ಮಿತಿಯೋ 2 ಜಿಬಿ. ಈಗ ಮುಖ್ಯ ಫೈಲ್ ಹಾಗೆ ಸುಮ್ಮನೆ ಊದಿಕೊಳ್ಳುವುದಿಲ್ಲ. ಹಿಂದಿನ ವಾರಗಳ ಬಟವಾಡೆ ಪಟ್ಟಿಗಳನ್ನು ಕೈಬರಹದ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸ ಮಾತ್ರ ಇನ್ನೂ ನಡೆದಿದೆ.