ಮ್ಯಾಪ್ ಎಡಿಟರ್‌ಗಳ ಇತಿಹಾಸ

ವಿಡಿಯೊ ಗೇಮ್‌ನಲ್ಲಿ ಆಟಗಾರ ಓಡಾಡುವ ಕೋಣೆ, ಓಣಿ, ಬಯಲುಗಳನ್ನು ಕಟ್ಟಿ, ಅಲ್ಲಿ ಶತ್ರುಗಳನ್ನೂ ಆಯುಧಗಳನ್ನೂ ಇರಿಸಲು ಬಳಸುವ ತಂತ್ರಾಂಶವೇ ಮ್ಯಾಪ್ ಎಡಿಟರ್. ಲೆವೆಲ್ ಎಡಿಟರ್ ಎಂದೂ ಕರೆಯುತ್ತಾರೆ. ಇದರ ಚರಿತ್ರೆಯನ್ನು ಕಷ್ಟದ ಉಪಕರಣಗಳಿಂದ ಸುಲಭದ ಉಪಕರಣಗಳತ್ತ ನಡೆದ ಪ್ರಗತಿಯೆಂದು ಬರೆಯುವ ರೂಢಿಯಿದೆ. ಆದರೆ ಹವ್ಯಾಸಿಗಳು ಗುಂಪುಗುಂಪಾಗಿ ಈ ಕೆಲಸಕ್ಕಿಳಿದು ಪಳಗಿದ 1990ರ ದಶಕದಲ್ಲಿ ಎಡಿಟರ್‌ಗಳು ತೀರ ಒರಟಾಗಿದ್ದವು. ಅವರನ್ನು ಕೈಹಿಡಿದು ನಡೆಸಿದ್ದು ಎಡಿಟರಿನ ಹಿಂದೆ ನಿಂತಿದ್ದ, ನಿಯಮಗಳೆಲ್ಲ ಮೊದಲೇ ತೀರ್ಮಾನವಾಗಿದ್ದ ಒಂದು ಪೂರ್ತಿ ಆಟ. 1983ರಲ್ಲಿ ಬ್ರೋಡರ್‌ಬಂಡ್ ಕಂಪನಿ ಹೊರತಂದ, ಡಗ್ಲಾಸ್ ಸ್ಮಿತ್ ರಚಿಸಿದ ಲೋಡ್ ರನ್ನರ್‌ನಲ್ಲೇ ಈ ನಂಟು ಕಾಣುತ್ತದೆ. 150 ಲೆವೆಲ್‌ಗಳ ಆ ಆಟದ ಜೊತೆಗೇ ಎಡಿಟರ್ ಬಂದಿತ್ತು. ಇಟ್ಟಿಗೆ, ಏಣಿ, ಹಗ್ಗ, ಚಿನ್ನ, ಕಾವಲುಗಾರ, ಹೆಚ್ಚುಕಡಿಮೆ ಇಷ್ಟೇ ಸಾಮಗ್ರಿ. ಅಗೆದ ಇಟ್ಟಿಗೆ ಎಷ್ಟು ಹೊತ್ತಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ ಎಂಬುದು ಆಡಿದವರಿಗೆಲ್ಲ ಗೊತ್ತಿದ್ದುದರಿಂದ, ಹೊಸಬನೂ ತಾನು ಕಟ್ಟಿದ್ದು ಆಡಲು ಯೋಗ್ಯವೋ ಅಲ್ಲವೋ ಎಂದು ಕೂಡಲೇ ತೂಗಿ ನೋಡಬಹುದಿತ್ತು.

ನಿಜವಾದ ತಿರುವು ಬಂದದ್ದು 1993ರ ಡಿಸೆಂಬರ್ 10ರಂದು ಇಡ್ ಸಾಫ್ಟ್‌ವೇರ್ ಬಿಡುಗಡೆ ಮಾಡಿದ ಡೂಮ್‌ನಿಂದ. ಅದೇ ಸಂಸ್ಥೆಯ 1992ರ ವುಲ್ಫೆನ್‌ಸ್ಟೈನ್ 3ಡಿಯ ಕಡತಗಳನ್ನು ಅಭಿಮಾನಿಗಳು ಬಿಡಿಸಿ ತಿದ್ದಿದ್ದರು. ಡೂಮ್‌ನಲ್ಲಿ ಸಂಸ್ಥೆಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಆಟವನ್ನು ಓಡಿಸುವ ಎಂಜಿನ್ನನ್ನೂ ದತ್ತಾಂಶವನ್ನೂ ಬೇರ್ಪಡಿಸಿ, ಮ್ಯಾಪು, ಚಿತ್ರ, ಸದ್ದುಗಳನ್ನೆಲ್ಲ ವಾಡ್ ಎಂಬ ಕಡತದಲ್ಲಿಟ್ಟರು. ಮೂಲ ಕಡತವನ್ನು ಮುಟ್ಟದೆಯೇ ಹೊಸ ಮ್ಯಾಪ್ ಸೇರಿಸುವ ದಾರಿ ತೆರೆಯಿತು. ಸಂಸ್ಥೆಯ ಸ್ವಂತ ಎಡಿಟರ್ ಓಡುತ್ತಿದ್ದುದು ನೆಕ್ಸ್ಟ್ ಕಂಪ್ಯೂಟರಿನಲ್ಲಿ, ಮನೆಯ ಪಿಸಿಯಲ್ಲಲ್ಲ. ಆ ಕೊರತೆಯನ್ನು 1994ರ ಆರಂಭದಲ್ಲಿ ಬ್ರೆಂಡನ್ ವೈಬರ್, ರಫಾಯೆಲ್ ಕಿನೆ ಮೊದಲಾದ ಹವ್ಯಾಸಿಗಳೇ ಡಿಇಯು ಎಂಬ ಎಡಿಟರ್ ಬರೆದು ತುಂಬಿದರು. ಅದರಲ್ಲಿ ಮೊದಲ ಕೋಣೆ ಕಟ್ಟುವುದು ಹೀಗೆ: ಮೇಲಿನಿಂದ ನೋಡುವ ನಕಾಶೆಯಲ್ಲಿ ನಾಲ್ಕು ಬಿಂದು ಇಟ್ಟು ಗೆರೆಗಳಿಂದ ಕೂಡಿಸಬೇಕು, ಒಳಭಾಗವನ್ನು ಸೆಕ್ಟರ್ ಎಂದು ಗುರುತಿಸಿ ನೆಲದ ಎತ್ತರ, ಚಾವಣಿಯ ಎತ್ತರ, ಬೆಳಕಿನ ಪ್ರಮಾಣ ಕೊಡಬೇಕು, ಆಟಗಾರ ಎಲ್ಲಿಂದ ಹೊರಡುತ್ತಾನೆಂದು ತೋರಿಸಬೇಕು. ಗೆರೆಯ ಮುಖ ತಿರುಗುಮುರುಗಾದರೂ ಗೋಡೆ ಕೆಡುತ್ತದೆ. ಬಾಗಿಲು ಎಂಬ ಪ್ರತ್ಯೇಕ ವಸ್ತು ಅಲ್ಲಿಲ್ಲ. ಚಾವಣಿಯನ್ನು ನೆಲಕ್ಕೆ ತಾಗುವಷ್ಟು ಇಳಿಸಿದ ಸಣ್ಣ ಸೆಕ್ಟರೇ ಬಾಗಿಲು. ಇಷ್ಟೆಲ್ಲ ತೊಡಕಿದ್ದರೂ ಅಳತೆಗಳು ಮಾತ್ರ ಕರಾರುವಾಕ್ಕು. ಆಟಗಾರನ ಎತ್ತರ 56 ಮಾನ, ಅವನು ಹತ್ತಬಲ್ಲ ಮೆಟ್ಟಿಲು ಹೆಚ್ಚೆಂದರೆ 24 ಮಾನ. 25 ಮಾನದ ಮೆಟ್ಟಿಲಿಟ್ಟ ಹೊಸಬನಿಗೆ ತಪ್ಪು ಎಲ್ಲಿದೆಯೆಂದು ಆಟವೇ ತೋರಿಸಿಕೊಡುತ್ತಿತ್ತು.

ಇಡ್ ಸಂಸ್ಥೆಯದೇ 1996ರ ಕ್ವೇಕ್‌ನೊಂದಿಗೆ ಕೆಲಸ ಪೂರ್ತಿ ಮೂರು ಆಯಾಮಕ್ಕೆ ಏರಿತು, ಕಷ್ಟವೂ ಏರಿತು. ಆ ವರ್ಷವೇ ಬೆನ್ ಮಾರಿಸ್ ವರ್ಲ್ಡ್‌ಕ್ರಾಫ್ಟ್ ಎಂಬ ಎಡಿಟರ್ ರಚಿಸಿದರು. ಮುಂದೆ ವಾಲ್ವ್ ಕಂಪನಿ ಅದನ್ನು ಕೊಂಡುಕೊಂಡು, 1998ರ ಹಾಫ್-ಲೈಫ್ ಕಟ್ಟಲು ಬಳಸಿತು. ಇಂದಿನ ಹ್ಯಾಮರ್ ಎಡಿಟರ್ ಅದರದೇ ಮುಂದುವರಿಕೆ. ಇಲ್ಲಿ ಬ್ರಷ್ ಎಂಬ ಘನಾಕೃತಿಗಳನ್ನು ಶೂನ್ಯದಲ್ಲಿ ಜೋಡಿಸಬೇಕು; ಮ್ಯಾಪ್ ಕಂಪೈಲ್ ಆದ ಮೇಲೆಯೇ, ಅಂದರೆ ಆಟ ಓದಬಲ್ಲ ರೂಪಕ್ಕೆ ಬದಲಾದ ಮೇಲೆಯೇ, ಆಡಲು ಸಿಗುತ್ತದೆ. ಎರಡು ಗೋಡೆಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಒಳಗಿನ ಜಾಗ ಹೊರಗಿನ ಶೂನ್ಯಕ್ಕೆ ಸೋರಿದಂತಾಗಿ, ಎಲ್ಲಿಂದ ಏನು ಕಾಣುತ್ತದೆಂಬ ಲೆಕ್ಕಾಚಾರವೇ ನಿಂತುಹೋಗುತ್ತದೆ. ಸೋರಿಕೆಯ ಜಾಡನ್ನು ಒಂದು ಗೆರೆಯಾಗಿ ಎಡಿಟರಿನಲ್ಲಿ ನೋಡಬಹುದು. ಅದನ್ನು ಹಿಡಿದು ಹೋಗಿ ಸಂದು ಮುಚ್ಚುವ ಬದಲು ಇಡೀ ಮ್ಯಾಪಿನ ಸುತ್ತ ದೊಡ್ಡ ಪೆಟ್ಟಿಗೆ ಕಟ್ಟುವುದು ಕಲಿಯುವವರ ಹಳೆಯ ಚಾಳಿ. ಸೋರಿಕೆ ನಿಲ್ಲುತ್ತದೆ ನಿಜ, ಆದರೆ ಗೋಡೆಗಳ ಹೊರಮೈಯೂ ಲೆಕ್ಕಕ್ಕೆ ಸೇರಿ ಕಂಪೈಲ್ ಸಮಯ ಹಿಗ್ಗುತ್ತದೆ, ಆಟವೂ ನಿಧಾನವಾಗುತ್ತದೆ.

ಇಷ್ಟು ಒರಟು ಉಪಕರಣಗಳಿಂದ ಹೊರಬಂದವರನ್ನು ನೋಡಿ. 1996ರ ಫೈನಲ್ ಡೂಮ್ ಅನ್ನು ಟೀಮ್‌ಟಿಎನ್‌ಟಿ ಎಂಬ ಹವ್ಯಾಸಿ ತಂಡವೂ ಕಸಾಲಿ ಸಹೋದರರೂ ರಚಿಸಿದರು. ಡಾರಿಯೊ ಕಸಾಲಿ ಮುಂದೆ ವಾಲ್ವ್ ಸೇರಿದರು. ಮಿನ್ ಲೆ ಮತ್ತು ಜೆಸ್ ಕ್ಲಿಫ್ ಹಾಫ್-ಲೈಫ್ ಮೇಲೆ 1999ರಲ್ಲಿ ಕೌಂಟರ್-ಸ್ಟ್ರೈಕ್ ಕಟ್ಟಿದರು. ಅದಕ್ಕೆ ಡಸ್ಟ್ ಎಂಬ ಮ್ಯಾಪ್ ಕೊಟ್ಟ ಬ್ರಿಟನ್ನಿನ ಡೇವ್ ಜಾನ್‌ಸ್ಟನ್ ಆಗಿನ್ನೂ ಹದಿಹರೆಯದವರು. ಅವರ 2001ರ ಡಸ್ಟ್ 2 ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಆಡಿದವರಿಗೂ ಸ್ವಂತ ಬೀದಿಯಷ್ಟೇ ಪರಿಚಿತ.

ಗೆದ್ದವರ ಹೆಸರು ಮಾತ್ರ ಉಳಿದಿದೆ, ಸೋತು ಕೈಬಿಟ್ಟವರ ಲೆಕ್ಕ ಎಲ್ಲಿದೆ ಎಂದು ಕೇಳುವುದು ನ್ಯಾಯವೇ. ಆದರೆ ಈಗಿನ ಖಾಲಿ ಎಂಜಿನ್‌ಗಳ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಯೂನಿಟಿ 2005ರಲ್ಲಿ ಬಂತು, ಗೋಡೋ 2014ರಲ್ಲಿ ಮುಕ್ತ ತಂತ್ರಾಂಶವಾಯಿತು, 2015ರಲ್ಲಿ ಅನ್ರಿಯಲ್ ಎಂಜಿನ್ ಉಚಿತವಾಗಿ ಸಿಗತೊಡಗಿತು. ಇವುಗಳ ಕಿಟಕಿಗಳು ಡಿಇಯುಗಿಂತ ಎಷ್ಟೋ ಸೊಗಸು. ಆದರೂ ಖಾಲಿ ದೃಶ್ಯವೊಂದನ್ನು ತೆರೆದವನು ಓಣಿ ಎಷ್ಟು ಅಗಲವಿರಬೇಕೆಂದು ಕೇಳುವ ಮೊದಲು ನಡೆಯುವ ಮನುಷ್ಯನನ್ನೇ ಮಾಡಬೇಕು: ಅವನ ವೇಗ, ಜಿಗಿತ, ಡಿಕ್ಕಿ, ಎದುರಾಳಿಯ ಬುದ್ಧಿ. ನಡೆಯುವವನ ವೇಗ ಗೊತ್ತಿಲ್ಲದೆ ಓಣಿಯ ಉದ್ದಕ್ಕೆ ಅರ್ಥವಿಲ್ಲ. ಮ್ಯಾಪ್ ವಿನ್ಯಾಸ ಎಂಬ ಕಸುಬು ಅಲ್ಲಿಯವರೆಗೂ ಶುರುವೇ ಆಗುವುದಿಲ್ಲ.

ಸಿದ್ಧ ಆಟದೊಳಗೆ ಕಲಿತವರು ಅನುಕರಣೆಯಲ್ಲೇ ಉಳಿಯುತ್ತಾರೆ ಎಂಬ ಆಕ್ಷೇಪವೂ ಉಂಟು. ಇದಕ್ಕೆ ಚರಿತ್ರೆಯೇ ಉತ್ತರ ಕೊಡುತ್ತದೆ. 1998ರ ಸ್ಟಾರ್‌ಕ್ರಾಫ್ಟ್‌ನ ಎಡಿಟರಿನಲ್ಲಿ ಹುಟ್ಟಿದ ಏಯಾನ್ ಆಫ್ ಸ್ಟ್ರೈಫ್ ಎಂಬ ಮ್ಯಾಪಿನ ಕಲ್ಪನೆ, 2002ರ ವಾರ್‌ಕ್ರಾಫ್ಟ್ 3ರ ವರ್ಲ್ಡ್ ಎಡಿಟರಿಗೆ ದಾಟಿ, 2003ರಲ್ಲಿ ಡೋಟಾ ಆಯಿತು. ಸೈನ್ಯ ನಡೆಸುವ ಆಟದ ಸಾಮಗ್ರಿಯಿಂದಲೇ, ಒಬ್ಬೊಬ್ಬ ಆಟಗಾರ ಒಬ್ಬೊಬ್ಬ ವೀರನನ್ನು ನಡೆಸುವ ಹೊಸ ಪ್ರಕಾರವೇ ಎದ್ದು ನಿಂತಿತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಡೆತನದ್ದು, ಅದಕ್ಕೆ ಪೂರ್ತಿ ಉತ್ತರವಿಲ್ಲ. 2020ರಲ್ಲಿ ವಾರ್‌ಕ್ರಾಫ್ಟ್ 3ರ ಮರುಆವೃತ್ತಿ ಬಂದಾಗ, ಅದರಲ್ಲಿ ರಚಿಸಿದ ಆಟಗಳ ಹಕ್ಕು ತನ್ನದೇ ಎಂದು ಆಟದ ಕಂಪನಿ ಬ್ಲಿಝಾರ್ಡ್ ತನ್ನ ನಿಯಮಗಳಲ್ಲಿ ಬರೆದುಕೊಂಡಿತು. ಇನ್ನೊಬ್ಬರ ಆಟದೊಳಗೆ ಕಟ್ಟುವವರು ತೆರುವ ಬೆಲೆ ಇದು, ಸಣ್ಣದೇನಲ್ಲ.

ಆ ಬೆಲೆ ತಗ್ಗಿಸುವ ದಾರಿಗಳು ಅಭಿಮಾನಿಗಳ ಕಡೆಯಿಂದಲೇ ಬಂದಿವೆ. ಡೂಮ್‌ನ ಸೋರ್ಸ್ ಕೋಡ್ 1997ರಲ್ಲಿ ಹೊರಬಿದ್ದು, ಎರಡು ವರ್ಷಗಳ ನಂತರ ಜಿಪಿಎಲ್ ಎಂಬ ಮುಕ್ತ ಪರವಾನಗಿ ಪಡೆಯಿತು. ಅದರ ಮೇಲೆ ಫ್ರೀಡೂಮ್ ಎಂಬ ಯೋಜನೆ ಚಿತ್ರ, ಸದ್ದು, ಮ್ಯಾಪುಗಳನ್ನೆಲ್ಲ ಹೊಸದಾಗಿ ರಚಿಸಿ ಮುಕ್ತವಾಗಿ ಹಂಚುತ್ತಿದೆ. ಎರಡು ಆಯಾಮದ ಆಟಗಳಿಗೆ ಟೈಲ್ಡ್ ಎಂಬ ಎಡಿಟರ್ ಇದೆ. ಕ್ವೇಕ್ ಮಾದರಿಯ ಮ್ಯಾಪುಗಳಿಗೆ ಟ್ರೆಂಚ್‌ಬ್ರೂಮ್ ಇದೆ. ಅದರಲ್ಲಿ ಕಟ್ಟಿದ ಮ್ಯಾಪನ್ನು ಆಡ್-ಆನ್ ಮೂಲಕ ಗೋಡೋ ಎಂಜಿನ್‌ಗೂ ಒಯ್ಯಬಹುದು. ನಡೆಯುವವನನ್ನು ಮಾತ್ರ ಅಲ್ಲಿ ತಾನೇ ಬರೆದುಕೊಳ್ಳಬೇಕು.