ವಚನಗಾಯನದ ಧ್ವನಿತಟ್ಟೆಗಳು: ಅವುಗಳ ಪ್ರತಿ ಮತ್ತು ಪರಿಷ್ಕರಣ

ಶರಣರ ವಚನಗಳು ನಮ್ಮ ಕೈಸೇರಿರುವುದು ಪ್ರತಿಕಾರರ ಶ್ರಮದಿಂದ. ಹನ್ನೆರಡನೆಯ ಶತಮಾನದಲ್ಲಿ ನುಡಿದ ಮಾತು ಓಲೆಗರಿಗೆ ಬಂದಿತು. ಒಂದು ಓಲೆಯ ಕಟ್ಟು ಜೀರ್ಣವಾಗುವ ಮುನ್ನವೇ ಮತ್ತೊಂದಕ್ಕೆ ಇಳಿಯಿತು. ಮುಂದೆ ಅಚ್ಚುಕೂಟವನ್ನು ಪ್ರವೇಶಿಸಿತು. ಈ ಪ್ರತಿಕಾರ್ಯದ ಇತಿಹಾಸವನ್ನು ವಿದ್ವಾಂಸರು ಸವಿಸ್ತಾರವಾಗಿ ನಿರೂಪಿಸಿದ್ದಾರೆ. ಆದರೆ ವಚನಗಳಿಗೆ ಇನ್ನೊಂದು ಬಗೆಯ ಪ್ರತಿಯೂ ಉಂಟು. ಅದು ಗ್ರಾಮೊಫೋನ್ ತಟ್ಟೆಗಳಲ್ಲಿ ಉಳಿದಿರುವ ವಚನಗಾಯನ. ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ಇಳಿಸುವ ಕಾರ್ಯ ಇಂದು ಹಲವೆಡೆ ನಡೆದಿದೆ. ಇದನ್ನು ಯಂತ್ರಜ್ಞರ ಕೆಲಸವೆಂದು ಬಿಟ್ಟುಬಿಡುವುದು ವಾಡಿಕೆ. ವಾಸ್ತವವಾಗಿ ಇದೂ ಗ್ರಂಥಸಂಪಾದನೆಯ ಒಂದು ಶಾಖೆ. ಅದರ ನಿಯಮಗಳೇ ಇಲ್ಲಿಯೂ ಸಲ್ಲತಕ್ಕವು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ತಟ್ಟೆಯ ಇತಿಹಾಸವನ್ನು ಸಂಕ್ಷೇಪವಾಗಿ ನೋಡಬಹುದು. ೧೮೭೭ರಲ್ಲಿ ಎಡಿಸನ್ ಧ್ವನಿಯನ್ನು ಉರುಳೆಯ ಮೇಲೆ ಹಿಡಿದಿಟ್ಟನು. ಚಪ್ಪಟೆಯಾದ ತಟ್ಟೆಯನ್ನು ಬಳಕೆಗೆ ತಂದವನು ಎಮಿಲ್ ಬರ್ಲಿನರ್. ಅವನ ಗ್ರಾಮೊಫೋನಿಗೆ ಹಕ್ಕುಪತ್ರ ದೊರೆತದ್ದು ೧೮೮೭ರಲ್ಲಿ. ೧೯೦೨ರಲ್ಲಿ ಗೈಸ್‌ಬರ್ಗ್ ಎಂಬ ಮುದ್ರಣಕಾರನು ಗ್ರಾಮೊಫೋನ್ ಕಂಪನಿಯ ಪರವಾಗಿ ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡನು. ಅಂದಿನ ತಟ್ಟೆಗಳ ಮುಖ್ಯ ದ್ರವ್ಯ ನಮ್ಮ ನಾಡಿನ ಕಾಡುಗಳಲ್ಲಿ ದೊರೆಯುವ ಅರಗು. ನಿಮಿಷಕ್ಕೆ ಸುಮಾರು ೭೮ ಸುತ್ತು ತಿರುಗುತ್ತಿದ್ದ ಹತ್ತಂಗುಲದ ಆ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು, ಮೂರೂವರೆ ನಿಮಿಷದ ಗಾಯನ ಮಾತ್ರ ಹಿಡಿಸುತ್ತಿತ್ತು. ೧೯೨೫ರಿಂದ ವಿದ್ಯುತ್ತಿನ ಮೂಲಕ ಮುದ್ರಿಸುವ ಕ್ರಮ ಬಂದಿತು. ೧೯೪೮ರಲ್ಲಿ ಅಮೆರಿಕೆಯ ಕೊಲಂಬಿಯಾ ಕಂಪನಿಯು ವಿನೈಲ್ ಎಂಬ ಕೃತಕ ದ್ರವ್ಯದಿಂದ, ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ ಎಲ್.ಪಿ. ತಟ್ಟೆಯನ್ನು ಹೊರತಂದಿತು. ಅದರ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿದ ಗಾಯನಕ್ಕೆ ಎಡೆ ದೊರೆಯಿತು.

ಈ ಯಂತ್ರ ನಮ್ಮಲ್ಲಿ ನೆಲೆಗೊಳ್ಳುತ್ತಿದ್ದ ಕಾಲದಲ್ಲಿಯೇ ವಚನಸಾಹಿತ್ಯದ ಪುನರುಜ್ಜೀವನವೂ ನಡೆದುದು ಗಮನಾರ್ಹ. ಡಾ. ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ಓಲೆಗಳನ್ನು ಸಂಗ್ರಹಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ್ದು ೧೯೨೩ರಲ್ಲಿ, ವಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನು ತೆರೆದು ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದ್ದು ೧೯೨೬ರಲ್ಲಿ. ಅಚ್ಚಾದ ವಚನ ಓದುಗರ ಕೈಸೇರಿದಂತೆ ಗಾಯಕರ ಕೊರಳನ್ನೂ ಸೇರಿತು. ಸ್ವರವಚನಗಳನ್ನೂ ಕೈವಲ್ಯಪದಗಳನ್ನೂ ಹಾಡುವ ಪದ್ಧತಿ ಹಿಂದಿನಿಂದಲೂ ಇತ್ತು. ಗದ್ಯದ ಲಯವುಳ್ಳ ವಚನವನ್ನು ಹಿಂದುಸ್ತಾನಿ ರಾಗಗಳಲ್ಲಿ ಅಳವಡಿಸಿ ಕಚೇರಿಯ ವೇದಿಕೆಗೆ ತಂದ ಕೀರ್ತಿ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಗಾಯಕರಿಗೆ ಸಲ್ಲಬೇಕು. ಪಂ. ಮಲ್ಲಿಕಾರ್ಜುನ ಮನಸೂರ, ಪಂ. ಸಿದ್ಧರಾಮ ಜಂಬಲದಿನ್ನಿ, ಪಂ. ಬಸವರಾಜ ರಾಜಗುರು ಇವರು ಆ ಪರಂಪರೆಯ ಶ್ರೇಷ್ಠರು. ಮನಸೂರರು ಗ್ರಾಮೊಫೋನ್ ಕಂಪನಿಗೆ ಹಾಡಲು ತೊಡಗಿದ್ದು ೧೯೩೦ರ ದಶಕದಲ್ಲಿ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗಿದ್ದ ಭಕ್ತಿ ಸುವಿದಿತ. ತಮ್ಮ ಮನೆಗೂ ಅವರು ‘ಮೃತ್ಯುಂಜಯ’ ಎಂದೇ ಹೆಸರಿಟ್ಟಿದ್ದರು. ೧೯೫೦ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ವಚನಗಾಯನಕ್ಕೆ ಇನ್ನೊಂದು ನೆಲೆ ದೊರೆಯಿತು.

ಇಲ್ಲಿ ಒಂದು ಸಂಗತಿಯನ್ನು ಮನಗಾಣಬೇಕು. ಓಲೆಗರಿಯು ವಚನದ ಪಾಠವನ್ನು ಉಳಿಸಿದೆ. ಸ್ವರವಚನಗಳಿಗೆ ಕೆಲವೆಡೆ ರಾಗದ ಹೆಸರನ್ನೂ ಹೇಳುತ್ತದೆ. ಆದರೆ ಯಾವ ಶಬ್ದದ ಮೇಲೆ ಗಾಯಕನು ನಿಂತನು, ಅಂಕಿತವನ್ನು ಯಾವ ಸ್ವರದಲ್ಲಿ ನುಡಿದನು, ಒಂದು ಪ್ರಶ್ನೆಯನ್ನು ಹೇಗೆ ಏರಿಸಿ ಹೇಗೆ ಇಳಿಸಿದನು ಎಂಬುದನ್ನು ಓಲೆ ಹೇಳಲಾರದು. ಗಾಯಕನ ಆ ನಿಲುಗಡೆಯೇ ಒಂದು ಅರ್ಥವಿವರಣೆ, ಒಂದು ಟೀಕೆ. ಆದುದರಿಂದ ವಚನಗಾಯನದ ಚರಿತ್ರೆಗೆ ತಟ್ಟೆಯೇ ಮೂಲಪ್ರತಿ. ಅದು ಒಡೆದರೆ, ಬೇರೊಂದು ಪ್ರತಿ ಸಿಕ್ಕದಿದ್ದರೆ, ಆ ಪಾಠ ಶಾಶ್ವತವಾಗಿ ನಷ್ಟವಾದಂತೆಯೇ ಸರಿ.

ಇನ್ನು ಪ್ರತಿಮಾಡುವ ವಿಧಾನ. ಮೊದಲನೆಯದು ಶುದ್ಧೀಕರಣ. ಗೆರೆಗಳಲ್ಲಿ ಕುಳಿತ ಧೂಳು ಹೋಗದೆ ಧ್ವನಿ ತಿಳಿಯಾಗದು. ಆದರೆ ಅರಗಿನ ತಟ್ಟೆಗೆ ಮದ್ಯಸಾರ ತಗುಲಬಾರದು. ಅದು ಅರಗನ್ನೇ ಕರಗಿಸುತ್ತದೆ. ಬಟ್ಟಿಯಿಳಿಸಿದ ನೀರು, ಸೌಮ್ಯವಾದ ಮಾರ್ಜಕ, ಮೃದುವಾದ ಕುಂಚ ಸಾಕು.

ಎರಡನೆಯದು ಮುಳ್ಳಿನ ಆಯ್ಕೆ. ೭೮ ಸುತ್ತಿನ ತಟ್ಟೆಯ ಗೆರೆ ಅಗಲ; ಅದಕ್ಕೆ ಅಂಗುಲದ ಸಾವಿರದ ಮೂರು ಭಾಗದಷ್ಟು ದುಂಡಗಿನ ತುದಿಯ ಮುಳ್ಳು ಬೇಕು. ಎಲ್.ಪಿ. ತಟ್ಟೆಗೆ ಸಾವಿರದ ಒಂದು ಭಾಗ, ಅಥವಾ ಅದಕ್ಕಿಂತಲೂ ಕಿರಿದು. ಎಲ್.ಪಿ. ಮುಳ್ಳನ್ನು ಹಳೆಯ ತಟ್ಟೆಯ ಮೇಲಿಟ್ಟರೆ ಅದು ಗೆರೆಯ ತಳಕ್ಕಿಳಿದು ಅಲ್ಲಿನ ಕೊಳೆಯನ್ನೇ ಹಾಡಿಸುತ್ತದೆ. ಹಿಂದಿನ ಕೀಲಿಯ ಗ್ರಾಮೊಫೋನುಗಳ ಭಾರವಾದ ಉಕ್ಕಿನ ಮುಳ್ಳು ಗೆರೆಯ ಗೋಡೆಗಳನ್ನು ಸವೆಸಿರುತ್ತದೆ. ಎರಡು ಗೋಡೆಗಳಲ್ಲಿ ಕಡಿಮೆ ಸವೆದುದನ್ನು ಆರಿಸಿಕೊಳ್ಳುವ ಅವಕಾಶ ಇಂದಿನ ಸ್ಟೀರಿಯೋ ಸಾಧನಗಳಲ್ಲಿದೆ. ಎರಡು ಓಲೆಗಳಲ್ಲಿ ಹುಳು ತಿನ್ನದುದನ್ನು ಆಧಾರವಾಗಿಟ್ಟುಕೊಳ್ಳುವ ಸಂಪಾದಕನ ಕ್ರಮವೂ ಇದೇ.

ಮೂರನೆಯದು ವೇಗ. ೭೮ ಎಂಬ ಸಂಖ್ಯೆ ಆರಂಭದ ವರ್ಷಗಳಲ್ಲಿ ಖಚಿತವಾಗಿರಲಿಲ್ಲ. ಅದಕ್ಕಿಂತ ನಿಧಾನವಾಗಿಯೋ ಶೀಘ್ರವಾಗಿಯೋ ಮುದ್ರಿಸಿದ ತಟ್ಟೆಗಳುಂಟು. ವೇಗವು ನೂರಕ್ಕೆ ಆರರಷ್ಟು ಬದಲಾದರೆ ಶ್ರುತಿಯು ಅರ್ಧಸ್ವರದಷ್ಟು ಏರಿಳಿಯುತ್ತದೆ. ಕಪ್ಪು ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತೆ ಕೇಳುತ್ತದೆ. ಕಂಠದ ಗುಣವೇ ಬೇರಾಗುತ್ತದೆ. ಒಂದು ಅಕ್ಷರವನ್ನು ತಪ್ಪಾಗಿ ಓದಿ ಅರ್ಥ ಕೆಡಿಸುವ ದೋಷಕ್ಕೆ ಇದು ಸಮಾನ. ಹಾರ್ಮೋನಿಯಂ ಜೊತೆಗಿದ್ದರೆ ಅದರ ಶ್ರುತಿಯನ್ನು ಹಿಡಿದು ವೇಗವನ್ನು ಊಹಿಸಬಹುದು. ಆದರೆ ಅದು ಊಹೆಯೆಂದು ಬರೆದಿಡಬೇಕು.

ನಾಲ್ಕನೆಯದು ಸ್ವರಗಳ ಸಮತೋಲ. ಮುದ್ರಿಸುವಾಗ ಮಂದ್ರದ ಬಲವನ್ನು ತಗ್ಗಿಸಿ, ತಾರದ ಬಲವನ್ನು ಹೆಚ್ಚಿಸಿ, ನುಡಿಸುವಾಗ ಅದನ್ನು ವಿಪರ್ಯಯಗೊಳಿಸುವುದು ತಟ್ಟೆಗಳ ಪದ್ಧತಿ. ಇದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಮಾನದಂಡ ಬಂದದ್ದು ೧೯೫೪ರ ಸುಮಾರಿಗೆ. ಅದಕ್ಕೂ ಹಿಂದಿನ ತಟ್ಟೆಗಳಿಗೆ ಅದೇ ಮಾನದಂಡವನ್ನು ಹೇರಿದರೆ ಧ್ವನಿ ಮಸುಕಾಗುತ್ತದೆ.

ಹೀಗೆ ಹೊರಟ ಧ್ವನಿಯನ್ನು ಯಂತ್ರವು ಕ್ಷಣಕ್ಷಣಕ್ಕೂ ಅಳೆದು ಸಂಖ್ಯೆಗಳಾಗಿ ಬರೆದುಕೊಳ್ಳುತ್ತದೆ. ೧೯೮೨ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳು, ಪ್ರತಿಯೊಂದೂ ೧೬ ಬಿಟ್ಟುಗಳದು. ಅಂತಾರಾಷ್ಟ್ರೀಯ ಧ್ವನಿಸಂಗ್ರಹಾಲಯಗಳ ಸಂಘವು ಸಂರಕ್ಷಣೆಗಾಗಿ ಕನಿಷ್ಠ ೪೮,೦೦೦ ಅಳತೆಗಳನ್ನೂ ೨೪ ಬಿಟ್ಟುಗಳನ್ನೂ ವಿಧಿಸಿದೆ. ೯೬,೦೦೦ ಅಳತೆಗಳ ಪ್ರತಿ ಇಂದು ಸಾಮಾನ್ಯ. ಎರಡೂ ಗೋಡೆಗಳ ಧ್ವನಿಯನ್ನು ಈ ಕ್ರಮದಲ್ಲಿ ಹಿಡಿದರೆ ನಿಮಿಷವೊಂದಕ್ಕೆ ಸುಮಾರು ೩೫ ಮೆಗಾಬೈಟ್ ಸ್ಥಳ ಬೇಕಾಗುತ್ತದೆ. ಸ್ಥಳವನ್ನು ಉಳಿಸಲೆಂದು ಎಂಪಿ೩ ರೂಪದಲ್ಲಿ ಮಾತ್ರ ಇಡುವವರು ಬಹಳ. ಕಿವಿಗೆ ತಿಳಿಯದೆಂದು ಬಗೆದ ಅಂಶಗಳನ್ನು ಅದು ಬಿಟ್ಟುಬಿಡುತ್ತದೆ. ಕೇಳುವುದಕ್ಕೆ ಅದು ಸಾಕು. ಮೂಲಪ್ರತಿಯೆಂದು ಇಡುವುದಕ್ಕೆ ಸಾಲದು. ಸಂಗ್ರಹವಚನಗಳ ಕಿರುಹೊತ್ತಗೆ ಸಮಗ್ರಸಂಪುಟದ ಸ್ಥಾನವನ್ನು ಪಡೆಯಲಾರದಷ್ಟೆ.

ಇವೆಲ್ಲಕ್ಕಿಂತ ಮಹತ್ವದ ಪ್ರಶ್ನೆ ಪರಿಷ್ಕರಣದ್ದು. ಹಳೆಯ ತಟ್ಟೆಯ ಸರಸರ ಸದ್ದನ್ನೂ ಟಕಟಕ ಸದ್ದನ್ನೂ ತೆಗೆದುಹಾಕುವ ಸಾಧನಗಳು ಇಂದು ಸುಲಭವಾಗಿ ದೊರೆಯುತ್ತವೆ. ಅತಿಯಾಗಿ ಬಳಸಿದಾಗ ಅವು ಸದ್ದಿನೊಡನೆ ತಂಬೂರಿಯ ಝೇಂಕಾರವನ್ನೂ, ಸಕಾರ ಶಕಾರಗಳ ಉಸಿರನ್ನೂ, ಎರಡು ಸಾಲುಗಳ ನಡುವಣ ಗಾಯಕನ ಶ್ವಾಸವನ್ನೂ ಅಳಿಸಿಬಿಡುತ್ತವೆ. ಉಳಿಯುವುದು ನುಣುಪಾದ, ನಿರ್ಜೀವವಾದ ಧ್ವನಿ. ಇದು ಹೊಸದಾದ ದೋಷವೇನಲ್ಲ. ತಿಳಿಯದ ಹಳಗನ್ನಡ ಶಬ್ದವನ್ನು ತಿಳಿಯುವ ಶಬ್ದಕ್ಕೆ ತಿದ್ದಿ, ಒರಟಾದ ಸಾಲನ್ನು ನಯಗೊಳಿಸಿ, ಮೂಲದ ಗುರುತನ್ನು ಅಳಿಸಿದ ಪ್ರತಿಕಾರರು ಹಿಂದೆಯೂ ಇದ್ದರು. ಅವರು ಸದ್ಭಾವದಿಂದಲೇ ತಿದ್ದಿದರು. ಆದರೆ ಅವರು ತಿದ್ದಿದ ಸ್ಥಳದಲ್ಲಿ ಮೂಲವೇನಿತ್ತೆಂದು ಇಂದು ನಾವು ತಡವರಿಸಬೇಕಾಗಿದೆ.

ಗ್ರಂಥಸಂಪಾದನೆ ಕಲಿಸಿದ ಪರಿಹಾರ ಸ್ಪಷ್ಟವಾಗಿದೆ: ಪಾಠವನ್ನು ಇದ್ದಂತೆಯೇ ಕೊಡು, ತಿದ್ದುಪಡಿಯನ್ನು ಬೇರೆಯಾಗಿ ತೋರಿಸು, ಪಾಠಾಂತರಗಳನ್ನು ಮುಚ್ಚಿಡಬೇಡ. ಅದರಂತೆ ತಟ್ಟೆಯಿಂದ ಬಂದ ಧ್ವನಿಯನ್ನು ಯಾವ ಸಂಸ್ಕಾರವನ್ನೂ ಮಾಡದೆ ಒಂದು ಪ್ರತಿಯಾಗಿ ಕಾದಿರಿಸಬೇಕು. ಕೇಳುಗರ ಅನುಕೂಲಕ್ಕಾಗಿ ಶುದ್ಧಗೊಳಿಸಿದ ಪ್ರತಿ ಅದರಿಂದ ಹುಟ್ಟಿದ ಎರಡನೆಯದಾಗಿರಬೇಕು. ಅಮೆರಿಕೆಯ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಗಾಗಿ ನಡೆದ ಅರಗಿನ ತಟ್ಟೆಗಳ ಪ್ರತಿಕಾರ್ಯದಲ್ಲಿ ನಾಲ್ಕು ಗಾತ್ರದ ಮುಳ್ಳುಗಳಿಂದ ಒಮ್ಮೆಗೇ ನುಡಿಸಿ ನಾಲ್ಕೂ ಧ್ವನಿಗಳನ್ನು ಉಳಿಸಿಕೊಂಡಿದ್ದಾರೆ. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳು ಜೊತೆಯಾಗಿ ಉಳಿದು ಬಂದಿರುವುದರಿಂದ ನಮ್ಮ ಅಧ್ಯಯನಕ್ಕೆ ಎಷ್ಟು ಪ್ರಯೋಜನವಾಗಿದೆಯೆಂದು ಬಲ್ಲವರಿಗೆ ಈ ಕ್ರಮದ ಔಚಿತ್ಯವನ್ನು ಬೇರೆ ಹೇಳಬೇಕಾಗಿಲ್ಲ.

ಪ್ರತಿಯ ಜೊತೆಗೆ ಪುಷ್ಪಿಕೆಯೂ ಅವಶ್ಯ. ಓಲೆಯ ಕೊನೆಯಲ್ಲಿ ಪ್ರತಿಕಾರನು ತನ್ನ ಹೆಸರು, ಸ್ಥಳ, ಸಂವತ್ಸರ, ತಿಥಿಗಳನ್ನು ಬರೆಯುತ್ತಿದ್ದನು. ಕಾಲನಿರ್ಣಯಕ್ಕೆ ಇಂದಿಗೂ ಅದೇ ಆಧಾರ. ಹಾಗೆಯೇ ತಟ್ಟೆಯ ನಡುವಣ ಚೀಟಿಯಲ್ಲಿರುವ ಗಾಯಕರ ಹೆಸರು, ರಾಗ, ಕಂಪನಿಯ ಕ್ರಮಾಂಕ, ಚೀಟಿಯ ಸುತ್ತ ಕೊರೆದಿರುವ ಅಚ್ಚಿನ ಸಂಖ್ಯೆ ಇವೆಲ್ಲವನ್ನೂ ಛಾಯಾಚಿತ್ರಸಹಿತ ದಾಖಲಿಸಬೇಕು. ಬಳಸಿದ ಮುಳ್ಳು, ವೇಗ, ದಿನಾಂಕಗಳನ್ನೂ ಬರೆಯಬೇಕು. ಹೆಸರಿಲ್ಲದ ಧ್ವನಿ ಅಂಕಿತವಿಲ್ಲದ ವಚನದಂತೆ ಅನಾಥವಾಗುತ್ತದೆ.

ಡಿಜಿಟಲ್ ಪ್ರತಿಯಾದ ಮೇಲೆ ಹಳೆಯ ತಟ್ಟೆಯನ್ನು ಗುಜರಿಗೆ ಹಾಕುವುದು ಅವಿವೇಕ. ಮುಳ್ಳನ್ನೇ ತಾಗಿಸದೆ ಗೆರೆಯ ಚಿತ್ರವನ್ನು ತೆಗೆದು ಅದರಿಂದ ಧ್ವನಿಯನ್ನು ಹೊರಡಿಸುವ ವಿಧಾನವನ್ನು ಬರ್ಕ್‌ಲಿ ಪ್ರಯೋಗಾಲಯದ ವಿಜ್ಞಾನಿಗಳು ೨೦೦೩ರಲ್ಲಿ ಪ್ರಕಟಿಸಿದರು. ಅದರಿಂದ ಬಿರುಕುಬಿಟ್ಟ ತಟ್ಟೆಗಳೂ ಮಾತನಾಡಿವೆ. ಮುಂದಿನವರು ನಮಗಿಂತ ಚೆನ್ನಾಗಿ ಓದಬಲ್ಲರು. ಓದುವುದಕ್ಕೆ ಮೂಲವನ್ನು ಅವರಿಗೆ ಉಳಿಸಿಕೊಡಬೇಕು. ಡಿಜಿಟಲ್ ಪ್ರತಿಯೂ ಅಮರವಲ್ಲ. ಅದನ್ನಿಟ್ಟ ಉಪಕರಣ ಒಂದು ದಿನ ಕೆಡುತ್ತದೆ. ವಚನಗಳು ಉಳಿದುದು ಒಂದೇ ಭಂಡಾರದಲ್ಲಿದ್ದುದರಿಂದಲ್ಲ, ಹಲವು ಮಠಗಳಲ್ಲಿ, ಭಕ್ತರ ಮನೆಯ ಜಗುಲಿಗಳಲ್ಲಿ ಹಲವು ಪ್ರತಿಗಳಿದ್ದುದರಿಂದ. ಧ್ವನಿಯ ಪ್ರತಿಗಳೂ ಕನಿಷ್ಠ ಮೂರು ಸ್ಥಳಗಳಲ್ಲಿರಬೇಕು.

ಭಾರತದ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕಿನ ಅವಧಿ ಪ್ರಕಟಣೆಯಾದಂದಿನಿಂದ ೬೦ ವರ್ಷ. ಹಳೆಯ ಅರಗಿನ ತಟ್ಟೆಗಳಲ್ಲಿ ಬಹುಪಾಲು ಆ ಅವಧಿಯನ್ನು ದಾಟಿವೆ. ಆದುದರಿಂದ ಅಡ್ಡಿಯಿರುವುದು ನಮ್ಮ ಉದಾಸೀನದಲ್ಲಿಯೇ. ಮನೆಯ ಅಟ್ಟದಲ್ಲಿ, ಮಠದ ಉಗ್ರಾಣದಲ್ಲಿ ಇಂಥ ತಟ್ಟೆಗಳಿದ್ದರೆ ಅವನ್ನು ಒಂದರ ಮೇಲೊಂದು ಹೇರದೆ, ಬಿಸಿಲು ತಾಗದಂತೆ, ಲಂಬವಾಗಿ ನಿಲ್ಲಿಸಿ, ಒಂದು ಪಟ್ಟಿಯನ್ನು ಸಿದ್ಧಪಡಿಸುವುದು ಯಾರಿಂದಲಾದರೂ ಆಗುವ ಸೇವೆ. ಹಳಕಟ್ಟಿಯವರು ಓಲೆಗಳನ್ನು ಹುಡುಕಿ ಹೊರಟಾಗಲೂ ಕೆಲಸ ಆರಂಭವಾದುದು ಯಾರ ಮನೆಯಲ್ಲಿ ಏನಿದೆಯೆಂದು ಕೇಳುವುದರಿಂದಲೇ. ಸಾಹಿತ್ಯದ ವಿದ್ಯಾರ್ಥಿಗಳು ವಚನದ ಪಾಠಾಂತರಗಳನ್ನು ಅಭ್ಯಸಿಸುವಂತೆ ಅದರ ಗಾಯನದ ಪಾಠಗಳನ್ನೂ ಅಭ್ಯಸಿಸುವ ಕಾಲ ಬರಬೇಕಾದರೆ, ಆ ಪಟ್ಟಿ ಇಂದೇ ಸಿದ್ಧವಾಗಬೇಕು.